ಒಂದು ಕೆ.ಜಿ. ದ್ರಾಕ್ಷಿಗೆ ಒಂದು ಕೆ.ಜಿ. ಸಕ್ಕರೆ ಯಾಕೆ ಬೇಡ

ಮನೆಯಲ್ಲಿ ವೈನ್ ಮಾಡುವುದು ಹೇಗೆ ಅಂತ ಯಾರನ್ನೇ ಕೇಳಿ, ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ಒಂದು ಕೆ.ಜಿ. ಕಪ್ಪು ದ್ರಾಕ್ಷಿ, ಒಂದು ಕೆ.ಜಿ. ಸಕ್ಕರೆ, ಒಂದೂವರೆ ಲೀಟರ್ ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚೂರು ಚಕ್ಕೆ, ನಾಲ್ಕು ಲವಂಗ. ಭರಣಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ದಿನಾ ಮರದ ಸೌಟಿನಲ್ಲಿ ತಿರುವಿ, ಇಪ್ಪತ್ತೊಂದನೇ ದಿನ ಸೋಸಿ. ಮಂಗಳೂರಿನ ಕ್ರಿಸ್‌ಮಸ್ ವೈನೂ ಹೀಗೇ, ಎಷ್ಟೋ ಯೂಟ್ಯೂಬ್ ವಿಡಿಯೊಗಳೂ ಹೀಗೇ.

ಈ ಅಳತೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಒಂದು ಕೆ.ಜಿ. ದ್ರಾಕ್ಷಿ ಹಿಂಡಿದರೆ ಸುಮಾರು 650 ಮಿ.ಲೀ. ರಸ, ಅದರಲ್ಲಿ ಸುಮಾರು 110 ಗ್ರಾಂ ಸಕ್ಕರೆ. ನಾವು ಸುರಿದ ಒಂದು ಕೆ.ಜಿ. ಸಕ್ಕರೆ ಕರಗಿದ ಮೇಲೆ ತಾನೇ 620 ಮಿ.ಲೀ. ಜಾಗ ಹಿಡಿಯುತ್ತದೆ. ನೀರೂ ಸೇರಿ ಒಟ್ಟು ಎರಡೂ ಮುಕ್ಕಾಲು ಲೀಟರ್ ದ್ರವ, ಅದರಲ್ಲಿ 1,110 ಗ್ರಾಂ ಸಕ್ಕರೆ. ಅಂದರೆ ಲೀಟರಿಗೆ 400 ಗ್ರಾಂ! ಲೀಟರಿನಲ್ಲಿರುವ ಪ್ರತಿ 17 ಗ್ರಾಂ ಸಕ್ಕರೆ ಶೇ. 1ರಷ್ಟು ಆಲ್ಕೋಹಾಲ್ ಆಗುತ್ತದೆ. ಆ ಲೆಕ್ಕದಲ್ಲಿ ಈ ಭರಣಿಯ ವೈನ್ ಶೇ. 23 ದಾಟಬೇಕು. ಆದರೆ ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಸೂಕ್ಷ್ಮಜೀವಿ ಯೀಸ್ಟ್ ಸಾಮಾನ್ಯವಾಗಿ ಶೇ. 12–14ಕ್ಕೆ ಕೈಚೆಲ್ಲುತ್ತದೆ. ಉಳಿದದ್ದು ಲೀಟರಿಗೆ 160–200 ಗ್ರಾಂ ಸಕ್ಕರೆ, ಕೋಲಾದಲ್ಲಿರುವುದರ ಒಂದೂವರೆ ಪಟ್ಟಿಗೂ ಹೆಚ್ಚು. ಮನೆ ವೈನ್ ಪಾಕದಂತೆ ಸಿಹಿಯಾಗಿರುವುದು ಹಣ್ಣಿನ ಗುಣದಿಂದಲ್ಲ, ಯೀಸ್ಟ್ ಸೋತದ್ದರಿಂದ. ಯೀಸ್ಟ್ ಮೊದಲ ದಿನವೇ ಸೋತರೆ ಭರಣಿಯಲ್ಲಿ ಆಲ್ಕೋಹಾಲೂ ಇರುವುದಿಲ್ಲ, ಬರೀ ದ್ರಾಕ್ಷಿ ಷರಬತ್ತು. ಅಷ್ಟು ದಪ್ಪ ಸಕ್ಕರೆ ನೀರು ಯೀಸ್ಟಿನ ಜೀವಕೋಶದೊಳಗಿನ ನೀರನ್ನೇ ಎಳೆದುಬಿಡುತ್ತದೆ. ಉಪ್ಪಿನಕಾಯಿ ಕೆಡದೆ ಇರುವುದೂ ಇದೇ ಕಾರಣಕ್ಕೆ, ಅಲ್ಲಿ ಸಕ್ಕರೆಯ ಬದಲು ಉಪ್ಪು.

ಗೋಧಿಯ ವಿಷಯವನ್ನೂ ಇಲ್ಲೇ ಮುಗಿಸೋಣ. ಗೋಧಿ ಹಾಕಿದರೆ 'ಕಿಕ್' ಜಾಸ್ತಿ ಅನ್ನುತ್ತಾರೆ. ಗೋಧಿಯಲ್ಲಿರುವುದು ಪಿಷ್ಟ; ವೈನ್ ಯೀಸ್ಟಿಗೆ ಪಿಷ್ಟ ಒಡೆಯಲು ಬರುವುದಿಲ್ಲ. ಅದು ವೈನಿನಲ್ಲಿ ಮಬ್ಬಾಗಿ ಉಳಿಯುತ್ತದೆ, ಅಷ್ಟೆ. ಕೆಲವರು ಹಾಕುವ ಮೊಟ್ಟೆಯ ಬಿಳಿಯಲ್ಲಿ ಅರ್ಥವಿದೆ, ಅದು ಒಗರನ್ನು ಹಿಡಿದು ತಳಕ್ಕೆ ಎಳೆಯುತ್ತದೆ. ಆದರೆ ಹಾಕಬೇಕಾದ್ದು ವೈನ್ ತಯಾರಾದ ಮೇಲೆ, ಮೊದಲ ದಿನವಲ್ಲ.

ಕೈಹಾಕುವ ಮುಂಚೆ ಕಾನೂನಿನ ಮಾತು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. 'ಮನೆ ಮಟ್ಟಿಗೆ ತಾನೇ' ಅನ್ನುವುದು ರೂಢಿಯ ಮಾತು, ಕಾಯ್ದೆಯದ್ದಲ್ಲ. ಮಾರುವುದಂತೂ ಸ್ಪಷ್ಟ ಅಪರಾಧ. ಅಮೆರಿಕದಲ್ಲಿರುವವರಿಗೆ ದಾರಿ ಸಲೀಸು: ಕೇಂದ್ರ ಕಾನೂನಿನಡಿ ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನರಿದ್ದರೆ 200 ಗ್ಯಾಲನ್ ವೈನ್ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ನೀವಿರುವ ಕಡೆಯ ನಿಯಮ ತಿಳಿದುಕೊಂಡೇ ಮುಂದುವರಿಯಿರಿ. ಮತ್ತೊಂದು: ಮಾಡಿದ ವೈನನ್ನು ಯಾವ ಕಾರಣಕ್ಕೂ ಭಟ್ಟಿ ಇಳಿಸಲು ಹೋಗಬೇಡಿ. ಹಣ್ಣಿನಲ್ಲಿರುವ, ಜ್ಯಾಮ್ ಗಟ್ಟಿಯಾಗಿಸುವ ಪೆಕ್ಟಿನ್‌ನಿಂದ ವೈನಿನಲ್ಲಿ ತುಸು ಮೆಥನಾಲ್ (ವಿಷಕಾರಿ ಆಲ್ಕೋಹಾಲ್) ಇದ್ದೇ ಇರುತ್ತದೆ. ವೈನಿನ ಮಟ್ಟದಲ್ಲಿ ಅದು ಅಪಾಯವಲ್ಲ, ಭಟ್ಟಿ ಇಳಿಸಿದಾಗ ಸಾಂದ್ರವಾಗುತ್ತದೆ.

ಹಣ್ಣು ಮತ್ತು ಸಾಮಾನು

ಇಲ್ಲಿ ಸುಲಭವಾಗಿ ಸಿಗುವ ಹಣ್ಣು ಬೆಂಗಳೂರು ಬ್ಲೂ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಸುತ್ತ ಬೆಳೆಯುವ, ಬೀಜವಿರುವ, ಹಿಚುಕಿದರೆ ತಿರುಳು ಗೋಲಿಯಂತೆ ಜಾರಿ ಹೊರಬರುವ ಕಪ್ಪು ದ್ರಾಕ್ಷಿ. ಇದು ಅಮೆರಿಕ ಮೂಲದ ಲ್ಯಾಬ್ರುಸ್ಕಾ ಜಾತಿಯ ಬೆರಕೆ, ಅಲ್ಲಿನ ಕಾಂಕರ್ಡ್ ದ್ರಾಕ್ಷಿಯ ದಾಯಾದಿ. ಹಾಗಾಗಿ ಗಾಢ ಪರಿಮಳ, ಹುಳಿ ಜಾಸ್ತಿ, ಸಕ್ಕರೆ ಕಡಿಮೆ, ಪೆಕ್ಟಿನ್ ಹೆಚ್ಚು. ಇದರಿಂದ ಫ್ರೆಂಚ್ ಮಾದರಿಯ ರೆಡ್ ವೈನ್ ನಿರೀಕ್ಷಿಸಬೇಡಿ. ಒಳ್ಳೆಯ ಬೆಂಗಳೂರು ಬ್ಲೂ ವೈನ್ ನಿರೀಕ್ಷಿಸಿ. ಬೀಜವಿಲ್ಲದ ಹಸಿರು ಥಾಮ್ಸನ್ ತಿನ್ನಲು ಚೆಂದ, ವೈನಿಗೆ ಸಪ್ಪೆ.

ಮೊದಲ ಸಲಕ್ಕೆ 10 ಕೆ.ಜಿ. ಹಣ್ಣು ಸರಿಯಾದ ಪ್ರಮಾಣ. ಎರಡು ಕೆ.ಜಿ.ಯಲ್ಲಿ ಮಾಡಿದರೆ ಗಾಳಿಗೆ ಕೆಡುವ ಸಂಭವವೇ ಹೆಚ್ಚು, ಅಳತೆಯೂ ಕಷ್ಟ. ಬೇಕಾದ ಸಾಮಾನು: ಆಹಾರ ದರ್ಜೆಯ ಪ್ಲಾಸ್ಟಿಕ್ ಬಕೆಟ್ (20 ಲೀಟರ್, ಮುಚ್ಚಳ ಸಹಿತ), 5 ಲೀಟರಿನ ಒಂದು ಗಾಜಿನ ಜಾರ್ ಮತ್ತು ಮಿಕ್ಕಿದ್ದಕ್ಕೆ ಒಂದೆರಡು ಸಣ್ಣ ಬಾಟಲಿ, ಏರ್‌ಲಾಕ್ (ಒಳಗಿನ ಅನಿಲ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಸಾಧನ) ಮತ್ತು ರಬ್ಬರ್ ಬಿರಡೆ, ಒಂದೂವರೆ ಮೀಟರ್ ಸಿಲಿಕಾನ್ ಪೈಪ್, ಹಿಂಡಲು ನೈಲಾನ್ ಜಾಲರಿ ಚೀಲ, ಹೈಡ್ರೋಮೀಟರ್ (ರಸದಲ್ಲಿ ಸಕ್ಕರೆ ಎಷ್ಟಿದೆ ಅಂತ ತೇಲಿ ತೋರಿಸುವ ಮಾಪಕ; ಬರೀ ನೀರಿನಲ್ಲಿ 1.000, ಸಕ್ಕರೆ ಹೆಚ್ಚಿದಷ್ಟೂ ಅಂಕಿ ಹೆಚ್ಚು) ಮತ್ತು ಅದರ ಉದ್ದನೆಯ ಗಾಜಿನ ಕೊಳವೆ. ದುಡ್ಡು ಉಳಿಸುವುದಿದ್ದರೆ ಬೇರೆಯದರಲ್ಲಿ ಉಳಿಸಿ, ಹೈಡ್ರೋಮೀಟರ್ ಬಿಡಬೇಡಿ. ಅದಿಲ್ಲದಿದ್ದರೆ ಈ ಬರಹದ ಅರ್ಧ ಭಾಗ ನಿಮಗೆ ಉಪಯೋಗಕ್ಕೆ ಬಾರದು.

ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ, ಕಬ್ಬಿಣ ವೈನಿಗೆ ತಾಗಬಾರದು, ಸ್ಟೀಲ್ ಪರವಾಗಿಲ್ಲ. ಅಜ್ಜಿಯ ಕಾಲದ ಭರಣಿ ನೋಡಲು ಎಷ್ಟೇ ಚೆಂದವಿರಲಿ, ಹಳೆಯ ಮೆರುಗಿನಲ್ಲಿ ಸೀಸ ಇರಬಹುದು, ದ್ರಾಕ್ಷಿಯ ಹುಳಿ ಅದನ್ನು ಬಿಡಿಸುತ್ತದೆ. ಉಪ್ಪಿನಕಾಯಿ ಹಾಕಿದ ಭರಣಿಯಾದರಂತೂ ವಾಸನೆ ಜನ್ಮಕ್ಕೂ ಹೋಗದು.

ಇನ್ನು ಪುಡಿಗಳು. ವೈನ್ ಯೀಸ್ಟ್ 5 ಗ್ರಾಂ ಪ್ಯಾಕೆಟ್ ಒಂದು. ಈ ಹಣ್ಣಿಗೆ ಲಾಲ್ವಿನ್ 71ಬಿ ಚೆನ್ನಾಗಿ ಒಗ್ಗುತ್ತದೆ, ಅದು ಹಣ್ಣಿನ ಮ್ಯಾಲಿಕ್ ಆಮ್ಲವನ್ನು ಭಾಗಶಃ ತಿಂದು ಹುಳಿ ತಗ್ಗಿಸುತ್ತದೆ. ಅದು ಸಿಗದಿದ್ದರೆ ಇಸಿ-1118. ಬ್ರೆಡ್ಡಿನ ಯೀಸ್ಟ್‌ನಲ್ಲೂ ಆಗುತ್ತದೆ, ಆದರೆ ಬೇಗ ಸುಸ್ತಾಗುತ್ತದೆ, ತಳದಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಹಿಟ್ಟಿನ ವಾಸನೆ ಬಿಟ್ಟುಹೋಗುತ್ತದೆ. ಪೊಟ್ಯಾಷಿಯಂ ಮೆಟಾಬೈಸಲ್ಫೈಟ್: ಜ್ಯಾಮ್, ಸ್ಕ್ವಾಷ್ ಮಾಡುವವರು 'ಕೆಎಂಎಸ್' ಅನ್ನುವುದು ಇದನ್ನೇ. ಪೆಕ್ಟಿನ್ ಒಡೆಯುವ ಕಿಣ್ವ ಪೆಕ್ಟಿನೇಸ್ ಸಿಕ್ಕರೆ ಒಳ್ಳೆಯದು, ರಸ ಹೆಚ್ಚು ಬಿಡುತ್ತದೆ, ವೈನ್ ಬೇಗ ತಿಳಿಯಾಗುತ್ತದೆ.

ಮೊದಲ ಎರಡು ದಿನ

ಬಕೆಟ್, ಪೈಪ್, ಕೈ ಎಲ್ಲವನ್ನೂ ಚೆನ್ನಾಗಿ ತೊಳೆದು, ಪಾತ್ರೆಗಳನ್ನು ಕೆಎಂಎಸ್ ನೀರಿನಲ್ಲಿ ಜಾಲಾಡಿಸಿ. ಹಣ್ಣು ತೊಳೆದು ನೆರಳಲ್ಲಿ ನೀರು ಆರಿಸಿ. ಸಿಂಪಡಿಸಿದ ಗಂಧಕದ ಪುಡಿ ಉಳಿದಿದ್ದರೆ ಆಮೇಲೆ ವೈನ್ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಕೊಳೆತ, ಬೂಸ್ಟು ಹಿಡಿದ ಹಣ್ಣನ್ನು ದಾಕ್ಷಿಣ್ಯವಿಲ್ಲದೆ ಎಸೆಯಿರಿ. ತೊಟ್ಟು ಬಿಡಿಸಿ ಕೈಯಿಂದ ಹಿಚುಕಿ. ಮಿಕ್ಸಿ ಬೇಡವೇ ಬೇಡ: ಬೀಜ ಒಡೆದರೆ ಕಹಿ, ಅದನ್ನು ಆಮೇಲೆ ತೆಗೆಯುವ ಉಪಾಯವಿಲ್ಲ.

ಈಗ ಕೆಎಂಎಸ್. ಹತ್ತು ಕೆ.ಜಿ. ಹಣ್ಣಿಗೆ 0.8 ಗ್ರಾಂ. ಅಡುಗೆಮನೆಯ ತಕ್ಕಡಿ ಇಷ್ಟು ಸಣ್ಣದನ್ನು ತೂಗದು. 10 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ ಒಟ್ಟು 100 ಮಿ.ಲೀ. ಮಾಡಿ, ಅದರಿಂದ 8 ಮಿ.ಲೀ. ಸಿರಿಂಜ್‌ನಲ್ಲಿ ಎಳೆದು ಹಾಕಿ. ಹಣ್ಣಿನ ಮೇಲಿನ ಕಾಡು ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳ ಹುಟ್ಟಡಗಿಸಲು ಇದು. ಆಸ್ತಮಾ ಇರುವವರು ಈ ಪುಡಿಯ ಹೊಗೆಯಿಂದ ದೂರವಿರಬೇಕು. ಹನ್ನೆರಡು ಗಂಟೆ ಬಿಟ್ಟು ಪೆಕ್ಟಿನೇಸ್, ಇಪ್ಪತ್ತನಾಲ್ಕು ಗಂಟೆ ಬಿಟ್ಟು ಯೀಸ್ಟ್. ಆತುರಪಟ್ಟು ಒಟ್ಟಿಗೇ ಹಾಕಿದರೆ ನೀವು ಕೊಂಡುತಂದ ಯೀಸ್ಟೂ ಏಟು ತಿನ್ನುತ್ತದೆ.

ಈ ನಡುವಿನ ಬಿಡುವಿನಲ್ಲೇ ಸಕ್ಕರೆಯ ಲೆಕ್ಕ. ರಸ ಸೋಸಿ ಕೊಳವೆಗೆ ತುಂಬಿ ಹೈಡ್ರೋಮೀಟರ್ ತೇಲಿಬಿಡಿ. ಬೆಂಗಳೂರು ಬ್ಲೂ ರಸ 1.068ರ ಆಸುಪಾಸು ತೋರಿಸಬಹುದು. ಹೆಚ್ಚಿನ ಹೈಡ್ರೋಮೀಟರ್‌ಗಳು 20 ಡಿಗ್ರಿಗೆ ಹೊಂದಿಸಿದವು, 28 ಡಿಗ್ರಿಯ ರಸದಲ್ಲಿ ಸುಮಾರು 0.002 ಕಡಿಮೆ ತೋರಿಸುತ್ತವೆ, ಅದನ್ನು ಸೇರಿಸಿಕೊಳ್ಳಿ. ನಮ್ಮ ಗುರಿ 1.088. ಪ್ರತಿ 0.010 ಏರಿಸಲು ಲೀಟರ್ ರಸಕ್ಕೆ 30 ಗ್ರಾಂ ಸಕ್ಕರೆ ಬೇಕು. 0.020 ಏರಿಸಲು 60 ಗ್ರಾಂ. ಹತ್ತು ಕೆ.ಜಿ. ಹಣ್ಣಿನಲ್ಲಿ ಸುಮಾರು 6.5 ಲೀಟರ್ ರಸ, ಹಾಗಾಗಿ 390 ಗ್ರಾಂ ಸಕ್ಕರೆ. ಹಳೆಯ ಪಾಕದಲ್ಲಿ ಇಷ್ಟೇ ಹಣ್ಣಿಗೆ ಹತ್ತು ಕೆ.ಜಿ. ಸುರಿಯುತ್ತಿದ್ದೆವು! ಸಕ್ಕರೆಯನ್ನು ಸ್ವಲ್ಪ ರಸದಲ್ಲಿ ಪೂರ್ತಿ ಕರಗಿಸಿ ಹಾಕಿ, ಹರಳು ಹಾಗೇ ಸುರಿದರೆ ತಳ ಸೇರಿ ಹೈಡ್ರೋಮೀಟರ್ ಸುಳ್ಳು ಹೇಳುತ್ತದೆ. ನೀರು ಬೇಡ.

ಯೀಸ್ಟನ್ನು 50 ಮಿ.ಲೀ. ಉಗುರುಬೆಚ್ಚಗಿನ ನೀರಿನಲ್ಲಿ (35–40 ಡಿಗ್ರಿ) ಹದಿನೈದು ನಿಮಿಷ ನೆನೆಸಿ, ಒಂದೆರಡು ಚಮಚ ರಸ ಬೆರೆಸಿ ಅದು ತಣ್ಣಗಾದ ಮೇಲೆ ಬಕೆಟ್ಟಿಗೆ ಹಾಕಿ. ಪ್ಯಾಕೆಟ್ 23 ಲೀಟರಿಗೆ ಸಾಕಾಗುತ್ತದೆ ಅಂತ ಕಾಲು ಭಾಗ ಹಾಕಿ ಉಳಿಸುವುದು ಬೇಡ, ಪೂರ್ತಿ ಹಾಕಿ. ಒಣದ್ರಾಕ್ಷಿ ಯೀಸ್ಟಿಗೆ ಗೊಬ್ಬರ ಅನ್ನುವ ಮಾತೂ ಇದೆ; ಅದರಿಂದ ಸಾರಜನಕ ನೆಪಮಾತ್ರಕ್ಕೆ ಸಿಗುತ್ತದೆ. ನಿಜವಾಗಿ ಬೇಕಿದ್ದರೆ ವೈನಿಗೆಂದೇ ಮಾರುವ ಡಿಎಪಿ (ಡೈಅಮೋನಿಯಂ ಫಾಸ್ಫೇಟ್, ಸಾರಜನಕವಿರುವ ಲವಣ) ಇದೆ, ಲೀಟರಿಗೆ ಕಾಲು ಗ್ರಾಂ. ಗೊಬ್ಬರದ ಅಂಗಡಿಯ ಡಿಎಪಿ ಖಂಡಿತ ಕೂಡದು.

ಹುದುಗು ಬಂದ ಮೇಲೆ

ಒಂದೆರಡು ದಿನದಲ್ಲಿ ಸಿಪ್ಪೆಯೆಲ್ಲ ಮೇಲೆದ್ದು ದಪ್ಪ ಟೋಪಿಯಂತೆ ಕೂರುತ್ತದೆ. ಅದನ್ನು ದಿನಕ್ಕೆ ಮೂರು ಸಲ ಒಳಗೆ ಅದುಮಬೇಕು. ಮನೆ ವೈನ್ ವಿನೆಗರ್ ಆಗುವುದು ಹೆಚ್ಚಾಗಿ ಇಲ್ಲೇ: ಮೇಲಿನ ಸಿಪ್ಪೆ ಒಣಗಿ, ಬೆಚ್ಚಗಾಗಿ, ಗಾಳಿ ತಾಗಿ, ಹಣ್ಣುನೊಣ ಕೂತು, ಅಸಿಟಿಕ್ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಬಾಯಿಗೆ ಒತ್ತಾದ ಬಟ್ಟೆ ಇರಲಿ. ಈ ಹಂತದಲ್ಲಿ ಬಿಗಿಯಾದ ಮುಚ್ಚಳ ಯಾವತ್ತೂ ಹಾಕಬೇಡಿ. ಒಂದು ಲೀಟರ್ ರಸ ಹುದುಗುವಾಗ ಸುಮಾರು 50 ಲೀಟರ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಬೆಂಗಳೂರಿನ 24–28 ಡಿಗ್ರಿ ಇದಕ್ಕೆ ಹೇಳಿ ಮಾಡಿಸಿದ ಹವೆ. ಕರಾವಳಿ, ಕಲಬುರಗಿಯ ಬೇಸಿಗೆಯಲ್ಲಿ ಬಕೆಟ್ಟನ್ನು ನೀರಿನ ಟಬ್ಬಿನಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿ, 32 ದಾಟಿದರೆ ಯೀಸ್ಟ್ ಅರ್ಧಕ್ಕೇ ನಿಲ್ಲಬಹುದು.

ಐದರಿಂದ ಏಳು ದಿನದಲ್ಲಿ ಹೈಡ್ರೋಮೀಟರ್ 1.010ಕ್ಕೆ ಇಳಿಯುತ್ತದೆ. ಆಗ ಹಿಂಡುವ ಕೆಲಸ. ಮೃದುವಾಗಿ ಹಿಂಡಿ, ಚೀಲ ಒಣಗುವಷ್ಟು ತಿರುಚಿದರೆ ಒಗರು. (ನಾಯಿ ಇರುವ ಮನೆಯಲ್ಲಿ ಸಿಪ್ಪೆಯನ್ನು ಹಿತ್ತಲಿಗೆ ಎಸೆಯಬೇಡಿ, ದ್ರಾಕ್ಷಿ ನಾಯಿಗೆ ವಿಷ.) ಜಾರಿಗೆ ಕತ್ತಿನವರೆಗೆ ತುಂಬಿ ಏರ್‌ಲಾಕ್ ಹಾಕಿ, ಉಳಿದದ್ದನ್ನು ಸಣ್ಣ ಬಾಟಲಿಗೆ. ಇಲ್ಲಿಂದ ಮುಂದೆ ಗಾಳಿ ಶತ್ರು. ಅರ್ಧ ತುಂಬಿದ ಜಾರ್ ಎಂದರೆ ಕಂದು ಬಣ್ಣ, ಮೇಲೆ ಬಿಳಿ ಪೊರೆ.

ಮುಗಿಯಿತು ಅಂತ ಗುಳ್ಳೆ ನೋಡಿ ತೀರ್ಮಾನಿಸಬೇಡಿ. ಹೈಡ್ರೋಮೀಟರ್ 0.996 ಆಸುಪಾಸಿಗೆ ಬಂದು ಮೂರು ದಿನ ಅಲ್ಲಾಡದಿದ್ದರೆ ಮುಗಿದಂತೆ. ಆಲ್ಕೋಹಾಲ್ ಎಷ್ಟು? ಮೊದಲ ಅಂಕಿಯಿಂದ ಕೊನೆಯದನ್ನು ಕಳೆದು 131ರಿಂದ ಗುಣಿಸಿ: 1.088 – 0.996 = 0.092, ಅಂದರೆ ಶೇ. 12. ಈಗ ಗಸಿ ಕಲಕದಂತೆ ಪೈಪಿನಲ್ಲಿ ಬೇರೆ ಜಾರಿಗೆ ಇಳಿಸಿ, ಪೈಪಿನ ತುದಿ ತಳ ಮುಟ್ಟಿರಲಿ, ವೈನ್ ಧುಮುಕಬಾರದು. ಆರು ಲೀಟರಿಗೆ ಹೊಸದಾಗಿ ಮಾಡಿದ ಅದೇ ಕೆಎಂಎಸ್ ದ್ರಾವಣ 5 ಮಿ.ಲೀ. ಎರಡು ತಿಂಗಳಿಗೊಮ್ಮೆ ಹೀಗೆ ಇನ್ನೆರಡು ಸಲ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಯೀಸ್ಟಿಗೆ ಸಾರಜನಕ ಸಾಲುತ್ತಿಲ್ಲ ಅಂತ. ಹುದುಗಿನ ಮೊದಲ ದಿನಗಳಾದರೆ ಡಿಎಪಿ ಹಾಕಿ, ಚೆನ್ನಾಗಿ ತಿರುವಿ. ಹುದುಗು ಮುಗಿದ ಮೇಲಾದರೆ ಅದೊಂದು ಸಲ ಮಾತ್ರ ತುಸು ಧುಮುಕಿಸಿ ಗಸಿಯಿಂದ ಬೇರ್ಪಡಿಸಿ. ನೇಲ್ ಪಾಲಿಷ್ ವಾಸನೆ, ವಿನೆಗರ್ ವಾಸನೆಗೆ ಮದ್ದಿಲ್ಲ. ವಿನೆಗರನ್ನೇ ಪೂರ್ತಿ ಆಗಲು ಬಿಟ್ಟು ಸಲಾಡಿಗೆ ಬಳಸಿ. ತಳದಲ್ಲಿ ಗಾಜಿನ ಚೂರಿನಂಥ ಹರಳು ಕಂಡು ಗಾಬರಿಯಾಗಬೇಡಿ, ಅದು ದ್ರಾಕ್ಷಿಯದ್ದೇ ಟಾರ್ಟರಿಕ್ ಲವಣ. ಬಾಟಲಿಗೆ ಹಾಕುವ ಮುಂಚೆ ಎರಡು ವಾರ ಫ್ರಿಜ್ಜಿನಲ್ಲಿಟ್ಟರೆ ಹುಳಿಯೂ ಸ್ವಲ್ಪ ಇಳಿಯುತ್ತದೆ.

ಇಷ್ಟಾದರೂ ಮನೆಯವರಿಗೆ ಬೇಕಾದ್ದು ಸಿಹಿ ವೈನೇ ಇರಬಹುದು. ತಪ್ಪೇನಿಲ್ಲ, ಬೆಂಗಳೂರು ಬ್ಲೂಗೆ ಸಿಹಿ ಒಪ್ಪುತ್ತದೆ. ಆದರೆ ಸಿಹಿಯನ್ನು ಕೊನೆಗೆ, ಅಳೆದು ಹಾಕಿ: ವೈನ್ ತಿಳಿಯಾದ ಮೇಲೆ ಲೀಟರಿಗೆ 0.2 ಗ್ರಾಂ ಪೊಟ್ಯಾಷಿಯಂ ಸಾರ್ಬೇಟ್, ಜೊತೆಗೆ ಕೆಎಂಎಸ್, ಆಮೇಲೆ ಲೀಟರಿಗೆ 30–50 ಗ್ರಾಂ ಸಕ್ಕರೆ. ಸಾರ್ಬೇಟ್ ಯೀಸ್ಟನ್ನು ಕೊಲ್ಲುವುದಿಲ್ಲ, ಮರಿ ಹಾಕದಂತೆ ತಡೆಯುತ್ತದೆ. ಹಾಗಾಗಿ ಮಬ್ಬಿರುವ ವೈನಿಗೆ ಹಾಕಿ ಪ್ರಯೋಜನವಿಲ್ಲ. ಇದ್ಯಾವುದೂ ಇಲ್ಲದೆ ಸಕ್ಕರೆ ಬೆರೆಸಿ ಬಾಟಲಿಗೆ ಬಿರಡೆ ಜಡಿದರೆ ಒಳಗೆ ಮತ್ತೆ ಹುದುಗು ಶುರುವಾಗಿ ಬಾಟಲಿ ಒಡೆಯುತ್ತದೆ. ಸಿಹಿ ಮಾಡಿದ ಜಾರನ್ನು ಹತ್ತು ದಿನ ಏರ್‌ಲಾಕಿನಲ್ಲೇ ಇಟ್ಟು ನೋಡಿ, ಗುಳ್ಳೆ ಬರದಿದ್ದರೆ ಬಾಟಲಿಗೆ ಇಳಿಸಿ. ಕಾರ್ಕ್ ಹಾಕಿದ ಬಾಟಲಿ ಮೂರು ದಿನ ನೇರ ನಿಲ್ಲಲಿ, ಆಮೇಲೆ ಮಲಗಿಸಿ, ಬಿಸಿಲು ಬೀಳದ ಕಡೆ. ಚಕ್ಕೆ ಲವಂಗ ಬೇಕೇ ಬೇಕೆನ್ನುವವರು ಒಂದೇ ಒಂದು ಬಾಟಲಿಯಲ್ಲಿ ಹಾಕಿ ನೋಡಲಿ. ಲವಂಗ ಎರಡಕ್ಕಿಂತ ಹೆಚ್ಚಾದರೆ ಹಲ್ಲುನೋವಿನ ಎಣ್ಣೆಯ ರುಚಿ.