ಮಂಚದ ಕಾಲಿನ ಕೀಸುಳಿ

ಹಲಸಿನ ಮಣೆಯೊಂದನ್ನು ನುಣುಪು ಮಾಡಲು ಹೋಗಿ ಸೋತದ್ದರಿಂದ ಇದೆಲ್ಲ ಶುರುವಾಯಿತು. ಅಂಗಡಿಯಿಂದ ತಂದ, ಮರ ಹೆರೆಯುವ ಕಬ್ಬಿಣದ ಕೀಸುಳಿ ಒಂದು ಗೇಣು ಚೆನ್ನಾಗಿ ಓಡುತ್ತಿತ್ತು, ಮುಂದಿನ ಗೇಣಿಗೆ ಎಳೆ ಕಿತ್ತುಕೊಂಡು ಬರುತ್ತಿತ್ತು. ಮಣೆ ತಿರುಗಿಸಿ ಹಿಡಿದರೂ ಅದೇ ಪಾಡು. ನಮ್ಮೂರಿನ ಆಚಾರ್ರು ಅದರ ಮೇಲೆ ಬೆರಳಾಡಿಸಿ, "ಹಲಸಿನ ಎಳೆ ಒಂದೇ ದಿಕ್ಕಿಗೆ ಇರೂದಿಲ್ಲ ತಮ್ಮಾ. ಅಲಗು ಇನ್ನೊಂಚೂರು ನೆಟ್ಟಗೆ ನಿಲ್ಲಬೇಕು" ಅಂದರು.

ಅಂಗಡಿಯ ಕೀಸುಳಿಯಲ್ಲಿ ಅಲಗು 45 ಡಿಗ್ರಿಗೆ ಕೂತಿರುತ್ತದೆ. ಸಾಗುವಾನಿಗೆ ಅಷ್ಟು ಸಾಕು. ಅಲಗು ನೆಟ್ಟಗಾದಷ್ಟೂ ತಳ್ಳಲು ಬಲ ಹೆಚ್ಚು ಬೇಕು, ಆದರೆ ಎಳೆ ಬುಡದಿಂದ ಸೀಳಿಕೊಂಡು ಏಳುವುದು ಕಡಿಮೆ. 50 ಡಿಗ್ರಿಯದನ್ನು ನಾನೇ ಮಾಡುತ್ತೇನೆಂದು ಹೊರಟೆ.

ಅಟ್ಟದಲ್ಲಿ ಅಜ್ಜನ ಮಂಚದ ಕಾಲೊಂದಿತ್ತು, ಹಳೇ ಬೀಟೆ. ಎಷ್ಟೋ ಮಳೆಗಾಲ ಬೇಸಿಗೆ ಕಂಡು ಒಣಗಿದ ಇಂಥ ಮರ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಅದರಲ್ಲಿ ಹತ್ತು ಇಂಚು ಕೊಯ್ದುಕೊಂಡೆ. ಆಚಾರ್ರ ಕಾಲದಲ್ಲಿ ಇಡೀ ಮರಕ್ಕೆ ಉಳಿ ಹಾಕಿ ಅಲಗು ಕೂರುವ ಬಾಯಿ ತೋಡುತ್ತಿದ್ದರು. ನನ್ನ ಕೈಗೆ ಅದು ಎಟುಕದು. ಎರಡು ಬದಿಯಿಂದ ತೆಳ್ಳಗೆ ಕೆನ್ನೆ ಸೀಳಿ ತೆಗೆದೆ, ನಡುವಿನ ತುಂಡನ್ನು ಓರೆಯಾಗಿ ಕೊಯ್ದು ಅಲಗಿಗೆ ಜಾಗ ಬಿಟ್ಟೆ, ಅಲಗನ್ನು ಬಿಗಿಯುವ ಬೆಣೆ ತಡೆಯಲು ಅಡ್ಡ ಗೂಟ ಕೂರಿಸಿ ಮತ್ತೆ ಅಂಟಿಸಿದೆ. ಬೀಟೆಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮೊದಲು ಥಿನ್ನರ್‌ನಿಂದ ಒರೆಸಲೇಬೇಕು. "ಅಂಟಿನ ಕೀಸುಳಿಯಾ?" ಎಂದರು ಆಚಾರ್ರು. ಬೇಡ ಅನ್ನಲಿಲ್ಲ. ತಮ್ಮದೊಂದು ಹಳೇ ಅಲಗು ತಂದುಕೊಟ್ಟರು.

ಮರುದಿನ ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ ತಳವನ್ನು ಉಜ್ಜಿದೆ. ಉಕ್ಕಿನ ಪಟ್ಟಿ ಇಟ್ಟು ನೋಡಿದರೆ ಬೆಳಕು ನುಸುಳದಷ್ಟು ಸಮ. ಅಲಗು ಇಳಿಸಿ, ಬೆಣೆ ಬಡಿದು, ಮಣೆಯ ಮೇಲೆ ತಳ್ಳಿದೆ. ಮೊದಲು ಏನೂ ಬರಲಿಲ್ಲ. ಅಲಗನ್ನು ಇನ್ನಷ್ಟು ಇಳಿಸಿದರೆ ಗಕ್ಕನೆ ಕಚ್ಚಿ ನಿಂತಿತು. ಮಧ್ಯಾಹ್ನದವರೆಗೂ ಅಲಗನ್ನೇ ಮಸೆದೆ. ತಪ್ಪು ಅಲಗಿನದಲ್ಲ.

ಸಂಜೆ ಆಚಾರ್ರು ಬಂದು, ಬೆಣೆ ಬಿಗಿದೇ ಇದ್ದ ಕೀಸುಳಿಯ ತಳಕ್ಕೆ ಪಟ್ಟಿ ಇಟ್ಟು ನನ್ನತ್ತ ಹಿಡಿದರು. ಬಾಯಿಯ ಹತ್ತಿರ ಕೂದಲೆಳೆಯಷ್ಟು ಬೆಳಕು! ಬೆಣೆಯ ಒತ್ತಡಕ್ಕೆ ಮರವೇ ಬಾಗಿತ್ತು. ನಾನು ತಳ ಉಜ್ಜಿದ್ದು ಬೆಣೆ ಇಲ್ಲದೆ. ಕೆಲಸಕ್ಕೆ ನಿಲ್ಲುವಾಗ ಎಷ್ಟು ಬಿಗಿ ಇರುತ್ತದೋ ಅಷ್ಟೇ ಬಿಗಿದು, ಅಲಗಿನ ತುದಿಯನ್ನು ಮಾತ್ರ ತುಸು ಒಳಗೆಳೆದುಕೊಂಡು ತಳ ಉಜ್ಜಬೇಕಿತ್ತು. ಇಷ್ಟು ಸಣ್ಣ ಸಂಗತಿಗೆ ಒಂದು ದಿನ ಹೋಯಿತು. ಆ ದಿನದ ಬಗ್ಗೆ ನನಗೆ ಬೇಸರವಿಲ್ಲ.

ದೀಪ ಹಚ್ಚಿಕೊಂಡು ಮತ್ತೆ ಉಜ್ಜಿದೆ. ಆಮೇಲೆ ಆಚಾರ್ರು ಕೀಸುಳಿ ಹಿಡಿದು ಮೂತಿಗೆ ಕೊಡತಿಯಿಂದ ಒಂದು ಪೆಟ್ಟು ಕೊಟ್ಟರು, ಅಲಗು ಇಳಿಯಿತು. ಹಿಂಬದಿಗೆ ಇನ್ನೊಂದು ಮೆಲ್ಲನೆ, ತುಸು ಮೇಲೆ ಬಂತು. ಮಣೆಯ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ತಳ್ಳಿದರು. ಹಳದಿ ಸಿಪ್ಪೆ ಸುರುಳಿ ಸುತ್ತಿಕೊಂಡು ಎದ್ದು ಅವರ ಮುಂಗೈ ಮೇಲೆ ಬಿತ್ತು. ಅದನ್ನು ದೀಪಕ್ಕೆ ಹಿಡಿದು ನೋಡಿದರು. "ಬಾಯಿ ಇನ್ನೂ ಅಗಲ ಮಾಡಬೇಡ" ಎಂದು ಕೀಸುಳಿಯನ್ನು ನನ್ನ ಕೈಗಿತ್ತರು.