ಗುಂಡಿ ಇದೆ, ನಕ್ಷೆಯಲ್ಲಿ ಇಲ್ಲ

ಎಲ್ಲಿ ಏನು ಕೆಟ್ಟಿದೆ ಎಂದು ತಿಳಿಯಲು ನಗರದ ಪ್ರತಿ ಕಂಬಕ್ಕೂ ಸೆನ್ಸರ್ ಕಟ್ಟಲು ಆಗುವುದಿಲ್ಲ. ಆದರೆ ಅಲ್ಲಿ ಓಡಾಡುವ ಹೆಚ್ಚಿನವರ ಜೇಬಿನಲ್ಲಿ ಫೋನ್ ಇರುತ್ತದೆ, ಅಲ್ವಾ? ಪೈಪ್ ಒಡೆದರೆ, ಮರ ಬಿದ್ದರೆ, ಬೀದಿದೀಪ ಕೆಟ್ಟರೆ ಮೊದಲು ಕಾಣುವುದು ದಾರಿಹೋಕರಿಗೇ. ಬ್ರಿಟನ್ನಿನಲ್ಲಿ 2007ರಲ್ಲಿ ಶುರುವಾದ ಫಿಕ್ಸ್‌ಮೈಸ್ಟ್ರೀಟ್ ಎಂಬ ವೆಬ್‌ಸೈಟ್ ಇದನ್ನೇ ನಂಬಿದೆ: ನಕ್ಷೆಯಲ್ಲಿ ಜಾಗ ಗುರುತಿಸಿ ಸಮಸ್ಯೆ ಬರೆದರೆ ಸಾಕು, ಅದು ಯಾವ ಸ್ಥಳೀಯ ಆಡಳಿತಕ್ಕೆ ಸೇರಿದ್ದು ಎಂದು ತಾನೇ ಹುಡುಕಿ ತಲುಪಿಸುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ಅಮೆರಿಕದ ಬಾಸ್ಟನ್ ನಗರದ ಸ್ಟ್ರೀಟ್ ಬಂಪ್ ಆ್ಯಪ್. ಇದರಲ್ಲಿ ಯಾರೂ ದೂರು ಬರೆಯಬೇಕಿರಲಿಲ್ಲ. ಕಾರು ಗುಂಡಿಗೆ ಇಳಿದಾಗಿನ ಕುಲುಕಾಟವನ್ನು ಫೋನಿನ ಆಕ್ಸೆಲರೋಮೀಟರ್, ಅಂದರೆ ಅಲುಗಾಟ ಅಳೆಯುವ ಸೆನ್ಸರ್, ಹಿಡಿಯುತ್ತಿತ್ತು, ಜಾಗವನ್ನು ಜಿಪಿಎಸ್ ಹೇಳುತ್ತಿತ್ತು. ಒಂದು ಫೋನ್ ಕುಲುಕಿದರೆ ಅದು ಮ್ಯಾನ್‌ಹೋಲ್ ಮುಚ್ಚಳವೂ ಇರಬಹುದು, ರೋಡ್ ಹಂಪ್ ಕೂಡ ಇರಬಹುದು, ಹಾಗಾಗಿ ಒಂದೇ ಜಾಗದಿಂದ ಹಲವು ಫೋನುಗಳ ಮಾಹಿತಿ ಬರಬೇಕು, ಗೊತ್ತಿರುವ ಹಂಪ್‌ಗಳನ್ನು ಬೇರೆ ಮಾಡಬೇಕು. ಅಷ್ಟನ್ನು ಸಾಫ್ಟ್‌ವೇರ್ ಮಾಡಬಲ್ಲದು. ಕಷ್ಟ ಬೇರೆಯೇ ಇದೆ. ಸ್ಮಾರ್ಟ್‌ಫೋನ್, ಕಾರು ಎರಡೂ ಇರುವವರು ಓಡಾಡುವ ರಸ್ತೆಗಳೇ ಲೆಕ್ಕಕ್ಕೆ ಬರುತ್ತವೆ. ಬಡವರು, ವಯಸ್ಸಾದವರು ಇರುವ ಬೀದಿಯಲ್ಲಿ ಗುಂಡಿ ಇದ್ದರೂ ನಕ್ಷೆ ಖಾಲಿ. ಆ ಖಾಲಿ ಜಾಗವನ್ನು ‘ಎಲ್ಲ ಸರಿ ಇದೆ’ ಎಂದು ಓದಿಬಿಟ್ಟರೆ ರಿಪೇರಿ ಗಾಡಿಯೂ ಅತ್ತ ಹೋಗುವುದಿಲ್ಲ. ಇದು ನನಗೆ ನಿಜಕ್ಕೂ ನೋವಾಗುವ ವಿಷಯ.

ಇನ್ನೊಂದು ಮಾತು. ಹೇಳಿದವರಿಗೆ ಉತ್ತರ ಬರಬೇಕು. ಫೋಟೋ ಕಳಿಸಿ ವಾರಗಟ್ಟಲೆ ಸುಮ್ನೆ ಕಾದವರು ಮತ್ತೆ ಕಳಿಸುವುದಿಲ್ಲ. ಆ್ಯಪ್ ಬಂತು ಎನ್ನುವ ಕಾರಣಕ್ಕೆ, ಫೋನ್ ಕರೆ ಮಾಡಿ ದೂರು ಹೇಳುವ ದಾರಿಯನ್ನಂತೂ ಮುಚ್ಚಲೇಬಾರದು. ಸ್ಮಾರ್ಟ್‌ಫೋನ್ ಇಲ್ಲದ ಬೀದಿಯ ಸುದ್ದಿ ಬರುವುದು ಆ ಕರೆಗಳಿಂದಲೇ.