ಚಿನ್ನದ ಘನವನ್ನು ಬಿಡುವುದೇ ಕಷ್ಟ

ಪೀಣ್ಯದ ಟೂಲ್ ರೂಮಿನಲ್ಲಿ ಅಳತೆ ನೋಡುವುದು ನನ್ನ ಕೆಲಸ. ಅದಕ್ಕೇ ಇರಬೇಕು, ಲೀಸಾ ಪಾತ್‌ಫೈಂಡರ್ ಅನ್ನೋ ಬಾಹ್ಯಾಕಾಶ ನೌಕೆಯ ಬಗ್ಗೆ ಓದುವಾಗ ಅಳತೆ ಮಾಡುವ ಲೇಸರ್‌ಗಿಂತ ಜಾಸ್ತಿ ನನ್ನ ಗಮನ ಹೋಗಿದ್ದು ಅದರೊಳಗಿನ ಘನಗಳನ್ನು ಹಿಡಿದಿಡುವ ಹಿಡಿತದ ಮೇಲೆ.

ಈ ನೌಕೆ ಗುರುತ್ವದ ಅಲೆಗಳನ್ನು, ಅಂದರೆ ಅಂತರಿಕ್ಷವನ್ನೇ ಚೂರು ಹಿಗ್ಗಿಸಿ ಕುಗ್ಗಿಸುವ ಅಲೆಗಳನ್ನು, ಹುಡುಕಲು ಹೋದದ್ದಲ್ಲ. ಹುಡುಕುವ ತಂತ್ರ ಬಾಹ್ಯಾಕಾಶದಲ್ಲಿ ನಡೆಯುತ್ತದಾ ಅಂತ ನೋಡಲು ಯುರೋಪಿನವರು ಅದನ್ನು 2015ರ ಡಿಸೆಂಬರ್ 3ರಂದು ಹಾರಿಸಿದರು. ಒಳಗೆ ಚಿನ್ನ, ಪ್ಲಾಟಿನಂ ಬೆರೆಸಿದ ಎರಡು ಘನಗಳು. ಬದಿ 46 ಮಿಲಿಮೀಟರ್, ತೂಕ ಹತ್ತಿರ ಹತ್ತಿರ 2 ಕೆ.ಜಿ. ಇವುಗಳ ನಡುವಿನ ಅಂತರವನ್ನು ಲೇಸರ್ ಅಳೆಯುತ್ತದೆ, ಆಗ ಇವನ್ನು ಯಾವುದೂ ಮುಟ್ಟಬಾರದು. ಬಿಸಿಲಿನ ಒತ್ತಡ ನೌಕೆಯನ್ನು ತಳ್ಳಿದರೆ ಥ್ರಸ್ಟರ್ ಅನ್ನೋ ಪುಟ್ಟ ತಳ್ಳು ಯಂತ್ರಗಳು ಅದನ್ನು ವಾಪಸ್ ಸರಿಸುತ್ತವೆ. ಘನ ಸುಮ್ನೆ ತೇಲುತ್ತಿರುತ್ತದೆ, ನೌಕೆಯೇ ಅದನ್ನು ಅನುಸರಿಸುತ್ತದೆ.

ಆದರೆ ರಾಕೆಟ್ ಏರುವಾಗಿನ ನಡುಕಕ್ಕೆ ಘನವನ್ನು ಬಿಗಿಯಾಗಿ ಹಿಡಿದಿರಲೇಬೇಕು. ಮೇಲೆ ಹೋದ ಮೇಲೆ ಚೂರೂ ನೂಕದೆ ಬಿಡಬೇಕು. ಸ್ಲಿಪ್ ಗೇಜ್, ಅಂದರೆ ಅಳತೆಗೆ ಬಳಸುವ ನುಣುಪು ಲೋಹದ ತುಂಡು, ಬಳಸಿದವರಿಗೆ ಈ ಕಷ್ಟ ಗೊತ್ತು: ನುಣುಪಾದ ಎರಡು ಲೋಹ ಒತ್ತಿದರೆ ಅಂಟಿಕೊಳ್ಳುತ್ತವೆ. ನಿರ್ವಾತದಲ್ಲಿ ಚಿನ್ನವೂ ಹಾಗೇ. ಹಿಡಿದ ತುದಿಗಳು ಎರಡೂ ಕಡೆಯಿಂದ ಒಟ್ಟಿಗೇ ಹಿಂದೆ ಸರಿಯಬೇಕು. ಒಂದು ಕಡೆ ಸ್ವಲ್ಪ ಜಾಸ್ತಿ ಅಂಟಿದರೂ ಘನ ಆ ಕಡೆ ಎಳೆಯಲ್ಪಡುತ್ತದೆ. ನೆಲದ ಮೇಲೆ ಇದನ್ನು ಪೂರ್ತಿ ಪರೀಕ್ಷಿಸಲು ಆಗಲ್ಲ, ಭಾರ ಕೆಳಗೆ ಎಳೆಯುತ್ತದಲ್ವಾ? ಇಟಲಿಯ ಟ್ರೆಂಟೋ ವಿಶ್ವವಿದ್ಯಾಲಯದಲ್ಲಿ ತೂಗುಬಿಟ್ಟ ತೂಕಗಳ ಮೇಲೆ ಪ್ರಯೋಗ ಮಾಡಿದ್ದರು.

2016ರ ಫೆಬ್ರವರಿ 11ರಂದು ಅಮೆರಿಕದ ನೆಲದ ಮೇಲಿನ ವೀಕ್ಷಣಾಲಯ ಲೈಗೋದವರು ಮೊದಲ ಗುರುತ್ವದ ಅಲೆ ಸಿಕ್ಕಿದ್ದನ್ನು ಪ್ರಕಟಿಸಿದರು. ಜಗತ್ತೆಲ್ಲ ಆ ಕಡೆ ನೋಡುತ್ತಿತ್ತು. ಅದೇ ವಾರ ಕಳೆದು 15, 16ಕ್ಕೆ ಈ ಘನಗಳ ಹಿಡಿತ ಬಿಡಿಸಿದರು. ಅಂದುಕೊಂಡಿದ್ದಕ್ಕಿಂತ ಜೋರಾಗಿಯೇ ಸರಿದವು. ಸುತ್ತಲಿನ ಎಲೆಕ್ಟ್ರೋಡ್‌ಗಳ ವಿದ್ಯುತ್ ಬಲದಿಂದ ಅವನ್ನು ಹದಕ್ಕೆ ತಂದರು. ನನಗಂತೂ ಇದು ಲೈಗೋ ಸುದ್ದಿಯಷ್ಟೇ ದೊಡ್ಡದು.

ಆಮೇಲೆ ಘನಗಳು ಎಷ್ಟು ಅಲುಗದೆ ತೇಲುತ್ತವೆ ಅನ್ನೋ ಅಳತೆ ಬೇಕಾದ್ದಕ್ಕಿಂತ ಎಷ್ಟೋ ಚೆನ್ನಾಗಿ ಬಂತು. ಉಳಿದ ಗದ್ದಲದಲ್ಲಿ, ಅಂದರೆ ಅಳತೆ ಕೆಡಿಸುವ ಸಣ್ಣ ಅಲುಗಾಟದಲ್ಲಿ, ಒಂದು ಪಾಲು ಘನಕ್ಕೆ ಬಡಿಯುವ ಅನಿಲದ ಕಣಗಳದ್ದು. ಆ ಅನಿಲ ಹೊರಗೆ ಸೋರಿದಂತೆ ತಿಂಗಳು ತಿಂಗಳಿಗೂ ಅದು ಇಳಿಯಿತು.

ಅಲೆಗಳನ್ನು ನಿಜವಾಗಿ ಹುಡುಕುವ ಲೀಸಾ ಯೋಜನೆಗೆ 2024ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿದೆ, 2035ಕ್ಕೆ ಹಾರಿಸುವ ಯೋಜನೆ. 25 ಲಕ್ಷ ಕಿಲೋಮೀಟರ್ ಅಂತರದಲ್ಲಿ ಮೂರು ನೌಕೆ, ಒಂದೊಂದರಲ್ಲಿ ಎರಡು ಘನ. ಆರನ್ನೂ ಬಿಡಿಸಬೇಕು. ಹೋಗಿ ರಿಪೇರಿ ಮಾಡಲು ಸಾಧ್ಯವೇ ಇಲ್ಲ. ಅದಕ್ಕೇ ನನ್ನ ಕಣ್ಣೆಲ್ಲ ಹಿಡಿತದ ಆ ತುದಿಗಳ ಮೇಲೇ.